ಅಕ್ಕೋರು ಬರೆಸಿದ ಸೆಟ್ ಸಾಲು

ವಿಭೂತಿ ಡಬ್ಬಿ ತೊಳೆಯಲು ತೆಗೆದೆ. ತಳದಲ್ಲಿ ನಾಲ್ಕು ಮಡಿಕೆಯ ಚೀಟಿ. ಬಿಚ್ಚಿದರೆ ವಿಭೂತಿಯ ವಾಸನೆ, ಮಸುಕಾದ ನೀಲಿ ಅಕ್ಷರದಲ್ಲಿ ‘ಸೆಟ್’ ಎಂದು ಶುರುವಾಗುವ ಒಂದು ಸಾಲು. ಅಕ್ಕೋರು ಕಣ್ಣ ಮುಂದೆ ಬಂದರು...

ತೊಂಬತ್ತರ ದಶಕದ ಕೊನೆ. ಬೈಲಹೊಂಗಲದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಮದುವೆಯಾಗಿ ಒಂದು ವರ್ಷವಾಗಿದ್ದ ನಾನು ಸಂಗೊಳ್ಳಿಯಿಂದ ಬಸ್ಸಿಗೆ ಹೋಗುತ್ತಿದ್ದೆ. ಮಾವನವರು ಒಪ್ಪಿದ್ದರು, ಆದರೆ ಮಾತು ಖಡಕ್: “ಒಂದ ಸಲ ಪರೀಕ್ಷಿ. ನಪಾಸಾದಿ, ಕ್ಲಾಸ್ ಬಂದ್.”

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಯಾವ ಫೈಲು ಎಲ್ಲಿದೆ, ಏನು ಸೇರಿಸಬೇಕು ಎಂದು ಅದಕ್ಕೆ ಪ್ರತಿ ಸಲವೂ ಉದ್ದಕ್ಕೆ ಹೇಳಬೇಕು. ಅಕ್ಕೋರು ಅದನ್ನೆಲ್ಲ ‘ಸೆಟ್’ ಎಂಬ ಕಮಾಂಡಿನ ಒಂದೇ ಸಾಲಾಗಿ ನಮ್ಮಿಂದ ಚೀಟಿಯಲ್ಲಿ ಬರೆಸಿ, ಕಂಪ್ಯೂಟರಿಗೆ ಮೊದಲೇ ಹೇಳಿಸಿಬಿಡುತ್ತಿದ್ದರು. ಆಮೇಲೆ ಚಿಕ್ಕ ಕಮಾಂಡ್ ಸಾಕು. ಉಳಿದದ್ದನ್ನು ಕಂಪೈಲರ್ ತಾನೇ ಓದಿಕೊಳ್ಳುತ್ತಿತ್ತು.

“ಅಕ್ಕೋರ, ಕಂಪ್ಯೂಟರ್ ಚಾಲೂ ಆಗೂ ಫೈಲಿನ್ಯಾಗ ಇದನ್ನ ಹಾಕಿಬಿಡ್ರಿ. ದಿನಾ ಟೈಪ್ ಬಡಿಯೂದು ತಪ್ಪತೈತಿ,” ಎಂದಿದ್ದೆ.

“ಪರೀಕ್ಷಾದಾಗ ನಿಮ್ಮ ಮಾವ ಬಂದ ಹಾಕತಾರೇನು?” ಎಂದು ನಕ್ಕರು. “ನಿನ್ನಿ ಹಚ್ಚಿದ ವಿಭೂತಿ ಇವತ್ತ ನಡೀತೈತೇನವಾ? ಕಂಪ್ಯೂಟರ್ ಬಂದಾಗಿ ಚಾಲೂ ಆತಂದ್ರ ಮತ್ತ ಹೇಳಬೇಕ.”

ಪರೀಕ್ಷೆ ಸವದತ್ತಿಯಲ್ಲಿ. ಸೆಟ್ ಸಾಲು ಬಡಿದು, ಪ್ರೋಗ್ರಾಮ್ ಬರೆದು ಫ್ಲಾಪಿಯಲ್ಲಿ ಉಳಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದಾಗ ಹತ್ತೇ ನಿಮಿಷ ಉಳಿದಿತ್ತು. ಫ್ಲಾಪಿಯಲ್ಲಿ ಪ್ರೋಗ್ರಾಮ್ ಇತ್ತು, ದೇವರು ದೊಡ್ಡವನು. ಚಿಕ್ಕ ಕಮಾಂಡ್ ಕೊಟ್ಟೆ. ಪರದೆಯ ತುಂಬ ತಪ್ಪುಗಳು. ಪ್ರೋಗ್ರಾಮನ್ನು ಎರಡು ಸಲ ಓದಿದೆ, ಒಂದೂ ತಪ್ಪಿಲ್ಲ. ಮತ್ತೆ ಕೊಟ್ಟೆ, ಮತ್ತೆ ಅದೇ.

ಪರೀಕ್ಷಕರು ಹಿಂದೆ ಬಂದು ನಿಂತರು. “ಐದ ನಿಮಿಷ ಐತ್ರಿ.”

ಮಾವನವರ ಮುಖ ನೆನಪಾಯಿತು. ಬೆವರಿದ ಹಣೆ ಒರೆಸಿಕೊಂಡೆ... ಬೆರಳಿಗೆ ಬೆಳ್ಳಗೆ ವಿಭೂತಿ ಹತ್ತಿತು.

ಬಂದಾಗಿ ಚಾಲೂ ಆತಂದ್ರ ಮತ್ತ ಹೇಳಬೇಕ... ಕರೆಂಟಿನ ಜೊತೆ ಸೆಟ್ ಸಾಲೂ ಹೋಗಿತ್ತು! ಚೀಟಿ ಮನೆಯಲ್ಲಿತ್ತು, ಆದರೆ ದಿನಾ ಬಡಿದ ಬೆರಳಿಗೆ ಸಾಲು ಬಾಯಿಪಾಠ. ಶಿವಾ ಎನ್ನುತ್ತ ಆ ಸಾಲು ಬಡಿದೆ. ಚಿಕ್ಕ ಕಮಾಂಡ್ ಕೊಟ್ಟೆ. ಕಂಪೈಲರ್ ಒಂದೂ ತಪ್ಪು ತೋರಿಸಲಿಲ್ಲ. ಪ್ರೋಗ್ರಾಮ್ ಓಡಿಸಿದೆ, ಉತ್ತರ ಬಂತು.

ಪಾಸಾದ ಸುದ್ದಿ ಕೇಳಿ ಮಾವನವರು, “ಮೊದಲ ಅಕ್ಕೋರಿಗೆ ಹೇಳಿ ಬಾ,” ಎಂದರು. ಆಗ ನಾನು ಬಸುರಿ, ಬಸ್ಸು ಹತ್ತಬಾರದೆಂದಿದ್ದರು ಡಾಕ್ಟರು. ಹೆರಿಗೆಯಾಯಿತು, ಮಗುವಿಗೆ ಜ್ವರ, ಸುಗ್ಗಿ... ಕೊನೆಗೆ ಹೋದಾಗ ಕ್ಲಾಸಿಗೆ ಬೀಗ. ಅಕ್ಕೋರು ತೀರಿಕೊಂಡು ತಿಂಗಳಾಯಿತು ಎಂದರು ಪಕ್ಕದ ಅಂಗಡಿಯವರು.

ಡಬ್ಬಿ ಒಣಗಿತು. ಚೀಟಿಯನ್ನು ಮೊದಲಿಟ್ಟು, ಅದರ ಮೇಲೆ ವಿಭೂತಿ ಇಟ್ಟೆ. ಇವತ್ತೂ ಹಣೆಗೆ ಹಚ್ಚಿಕೊಂಡೆ. ಆ ದಿನ ಬೆರಳಿಗೆ ಹತ್ತಿದ ವಿಭೂತಿಯ ಮಾತನ್ನು ಅಕ್ಕೋರಿಗೆ ಹೇಳುವುದು ಮಾತ್ರ ಉಳಿದೇಹೋಯಿತು.