ಎರೆಮಣ್ಣಿನ ಗಡ

ನಮ್ಮೂರ ಗುಡ್ಡದ ಮೇಲೆ ಒಂದು ಗಡ ಇದೆ. ಅದನ್ನು ಯಾರು ಕಟ್ಟಿದರು, ಯಾರು ಗೆದ್ದರು ಎಂದು ಮಾಸ್ತರರು ಪಾಠ ಹೇಳುತ್ತಿದ್ದಾಗ ನಾನು ಅವರ ಮೂಗಿನ ದನಿಯನ್ನು ಕಲಿಯುತ್ತ ಕೂತಿದ್ದೆ. ಹೀಗಾಗಿ ನನಗೆ ಇತಿಹಾಸ ಬರುವುದಿಲ್ಲ, ಇತಿಹಾಸದ ಮಾಸ್ತರರು ಮಾತ್ರ ಭೇಷಾಗಿ ಬರುತ್ತಾರೆ. ಆದರೂ ಗಜೇಂದ್ರಗಡ ಒಂದು ಸಲ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀಳಿಸಿದವನು ರೋಣದ ನನ್ನ ಸೋದರಮಾವನ ಮಗ. ಒಳಗೆ ಕೂತು ಕಾಯುತ್ತಿದ್ದವನು ನಾನು.

ಆಗ ನಾವಿನ್ನೂ ಮುಂಬಯಿ ಸರಕಾರದವರು. ನನಗೆ ಹದಿನೆಂಟು. ನೇಕಾರರ ಓಣಿಯಲ್ಲಿ ನಮ್ಮ ಮನೆ. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಓಣಿಯವರದೆಲ್ಲ ದೊಡ್ಡ ಗಂಟಲು. ದೊಡ್ಡ ಗಂಟಲನ್ನು ಕದಿಯುವುದು ಸಣ್ಣ ಕೆಲಸ. ಕ್ಷೌರದವನು, ಬಸ್ಸಿನ ಕಂಡಕ್ಟರ, ನಮ್ಮ ಅಪ್ಪ, ಯಾರೂ ನನ್ನ ಬಾಯಿಯಿಂದ ತಪ್ಪಿಸಿಕೊಂಡಿರಲಿಲ್ಲ. ಎಲ್ಲರೂ ಒಂದೇ ಮಾತು ಅನ್ನುತ್ತಿದ್ದರು: "ನನ್ನ ದನಿ ಹಂಗಿಲ್ಲ ಬಿಡಲೇ."

ಸೋದರಮಾವನ ಮಗ ನನಗಿಂತ ಮೂರು ವರ್ಷ ದೊಡ್ಡವನು, ನಾನು ಅವನನ್ನು ಭಾವ ಎನ್ನುತ್ತಿದ್ದೆ. ಪ್ರತಿ ಬೇಸಿಗೆಗೆ ರೋಣದಿಂದ ಬಂದು ನಮ್ಮಲ್ಲಿ ತಿಂಗಳು ಇರುತ್ತಿದ್ದ. ಹೊಲದ ಮನೆತನ, ನೆಲ ನೋಡಿ ನಡೆಯುವ ಸ್ವಭಾವ. ಮಾತಾಡುವ ಮುಂಚೆ ಎರಡು ಸಲ ಕೆಮ್ಮಿ "ಏನಪಾ ಅಂದ್ರ" ಎಂದು ಶುರುಮಾಡುತ್ತಿದ್ದ. ಅವನು ಕೆಮ್ಮಿ ಮುಗಿಸುವಷ್ಟರಲ್ಲಿ ಆ ಮಾತನ್ನು ಅವನದೇ ದನಿಯಲ್ಲಿ ನಾನು ಹೇಳಿ ಮುಗಿಸಿರುತ್ತಿದ್ದೆ.

ಮಧ್ಯಾಹ್ನ ಬಿಸಿಲಿಗೆ ಹೊರಗೆ ಹೋಗುವಂತಿರಲಿಲ್ಲ. ಬದಿಮನೆಯ ಹವಾಲ್ದಾರ ಕಾಕಾನ ಪಡಸಾಲೆ ತಂಪಾಗಿತ್ತು. ಅಲ್ಲಿ ನಾವಿಬ್ಬರೂ ದಂಡು ಕಟ್ಟಿ ಆಡುತ್ತಿದ್ದೆವು. ನನ್ನ ಸಿಪಾಯಿಗಳು ಹುಣಸೆಬೀಜ, ಭಾವನವು ಹತ್ತಿಕಾಳು. ಎರಡು ಸಾಲು ಎದುರುಬದುರು ಇಟ್ಟು ಕವಡೆ ಎಸೆಯುವುದು. ಹೆಚ್ಚು ಬಿದ್ದವನು ಎದುರಿನವರನ್ನು ಕೊಲ್ಲುವುದು. ಕಾಕಾ ದೊಡ್ಡ ಲಡಾಯಿಯಲ್ಲಿ ಬರ್ಮಾದವರೆಗೆ ಹೋಗಿ, ಎಡಗಿವಿಯನ್ನು ಅಲ್ಲಿಯ ತೋಫಿಗೆ ಒಪ್ಪಿಸಿ ಬಂದವರು. ಒಂದು ದಿನ ಬಲಗಿವಿ ಮುಂದೆ ಮಾಡಿಕೊಂಡು ಬಗ್ಗಿ ನೋಡಿದರು.

"ಏನಲೇ ಇದು?"

"ಲಡಾಯಿ ರೀ ಕಾಕಾ."

"ಲಡಾಯಿ? ಮದಿವ್ಯಾಗ ಊಟಕ್ಕ ಪಂಕ್ತಿ ಕುಂತಂಗ ಐತಲ್ಲೋ! ಇವರಿಗೆ ಹೋಳಿಗಿ ಬಡಸೂದೊಂದ ಬಾಕಿ."

ಮರುದಿನದಿಂದ ಕಾಕಾ ಪಂಚರಾದರು, ಆಟ ಬದಲಾಯಿತು. ಪಡಸಾಲೆಯ ನೆಲದ ಮೇಲೆ ಮಣ್ಣಿನ ದಿಬ್ಬ, ಏರು ಎದ್ದವು. ಸಿಪಾಯಿ ಗುಂಡು ಹಾರಿಸಬೇಕಾದರೆ ಅವನಿಂದ ಗುರಿಯವರೆಗೆ ನಮ್ಮ ಮಗ್ಗದ ನೂಲೊಂದನ್ನು ಬಿಗಿಯಾಗಿ ಹಿಡಿಯಬೇಕು. ನಡುವೆ ನೂಲಿಗೆ ಮಣ್ಣು ತಾಗಿದರೆ ಗುಂಡು ಇಲ್ಲ. ತಾಗದಿದ್ದರೆ ಮಾತ್ರ ಕವಡೆ. ಬಯಲಲ್ಲಿ ಒಂದು ಗೇಣು ನಡೆಯುವ ಹೊತ್ತಿನಲ್ಲಿ ಏರಿನಲ್ಲಿ ನಾಲ್ಕು ಬೆರಳು. ಹುಕುಮನ್ನು ಚೀಟಿಯಲ್ಲಿ ಬರೆದು ಕಾಕಾನಿಗೆ ಕೊಡಬೇಕು, ಅದು ಜಾರಿಯಾಗುವುದು ಮುಂದಿನ ಸರತಿಗೆ. ಎಲ್ಲಕ್ಕಿಂತ ದೊಡ್ಡದು ನೀರು. ಹತ್ತು ಮಂದಿಗೆ ದಿನಕ್ಕೊಂದು ಚಮಚ. ನೀರು ಸಿಗದವನನ್ನು ಆ ದಿನ ಮಲಗಿಸಿಬಿಡಬೇಕು. ಅವನು ನಡೆಯುವಂತಿಲ್ಲ, ಹೊಡೆಯುವಂತಿಲ್ಲ.

"ಇಷ್ಟೆಲ್ಲಾ ಯಾಕ್ರೀ ಕಾಕಾ? ಬೀಜಕ್ಕ ನೀರಡಿಕಿ ಆಗ್ತೈತೇನ್ರಿ?" ಎಂದೆ.

"ಬರ್ಮಾದಾಗ ನಮ್ಮ ಸಾಹೇಬನೂ ಹಿಂಗ ಕೇಳತಿದ್ದ," ಎಂದರು ಕಾಕಾ. "ಅವನ ಲೆಕ್ಕದಾಗ ನಾವು ಬೀಜ."

ನೂಲು ಸರಿಯಾಗಿ ಹೋಯಿತೋ ಇಲ್ಲವೋ ನೋಡಲು ಗದ್ದವನ್ನು ನೆಲಕ್ಕಿಟ್ಟು, ಒಂದು ಕಣ್ಣು ಮುಚ್ಚಿ, ಸಿಪಾಯಿಯ ಎತ್ತರದಿಂದ ನೋಡಬೇಕಿತ್ತು. ಒಂದು ಸಲ ನಮ್ಮ ಅವ್ವ ಮಜ್ಜಿಗೆ ತಂದವಳು ಮೂರೂ ಜನ ಬೋರಲು ಬಿದ್ದದ್ದನ್ನು ಕಂಡು ಬಾಗಿಲಲ್ಲೇ ನಿಂತಳು.

"ಅಣ್ಣಾರ, ಯಾವ ದೇವರಿಗೆ ದೀಡ ನಮಸ್ಕಾರ ಹಾಕಾಕತ್ತೀರಿ?"

"ತಂಗೀ, ಸುಮ್ಕಿರವಾ," ಎಂದರು ಕಾಕಾ ಏಳದೆಯೇ. "ವೈರಿ ಕಾಣಾಕತ್ತಾನ."

ಆ ಬೇಸಿಗೆಯಲ್ಲಿ ಭಾವನಿಗೆ ನರಗುಂದದಲ್ಲಿ ಹೆಣ್ಣು ಗೊತ್ತಾಗಿತ್ತು. ಹದಿನೈದು ದಿನಕ್ಕೆ ನಿಶ್ಚಯ. ಸೋದರಮಾವ ಬೀಗರ ಮುಂದೆ ಆಗಲೇ ಜಂಬ ಕೊಚ್ಚಿದ್ದರಂತೆ: "ನಮ್ಮ ಅಳಿಯ ಬರ್ತಾನ ನೋಡ್ರಿ, ಎಲ್ಲಾರ ದನಿ ತಗೀತಾನ, ಹೊಟ್ಟಿ ಹುಣ್ಣಾಗೂ ಹಂಗ ನಗಸ್ತಾನ." ನಾನು ಆಗಿನಿಂದಲೇ ತಯಾರಿ ನಡೆಸಿದ್ದೆ. ಮೊದಲ ಐಟಂ ಭಾವನ ಕೆಮ್ಮು.

ಅದನ್ನು ಅವನು ಬಲ್ಲ. ಒಂದು ಮಧ್ಯಾಹ್ನ ಕಾಳು ಎಣಿಸುತ್ತ ಕೂತವನು ತಲೆ ಎತ್ತದೆ ಎರಡು ಸಲ ಕೆಮ್ಮಿದ.

"ಏನಪಾ ಅಂದ್ರ, ಈ ಸಲ ಒಂದು ಪೂರಾ ಲಡಾಯಿ ಮಾಡೂಣು. ಗಡ ನಿಂದು, ಬಯಲು ನಂದು. ಮೂರು ಮಧ್ಯಾಹ್ನ. ನಾ ಗಡ ತಗೊಂಡ್ರ ನೀ ಒಂದು ತಿಂಗಳು ಯಾರ ದನಿನೂ ತಗೀಬಾರದು. ನರಗುಂದದಾಗೂ."

"ತಗೊಳ್ಳದಿದ್ರ?"

"ಬೀಗರ ಮುಂದ ನನ್ನ ಕುಂಡ್ರಿಸಿ ನಂದ ತಗಿ. ಎದ್ದು ಹೋಗೂದಿಲ್ಲ."

ನಾನು ಅವನ ಕೆಮ್ಮನ್ನು ಕೆಮ್ಮಿ, "ಏನಪಾ ಅಂದ್ರ, ಆತು" ಎಂದೆ. ಅವನು ನಗಲಿಲ್ಲ.

"ಆಕಿ ಇನ್ನೂ ನನ್ನ ದನಿ ಕೇಳಿಲ್ಲಲೇ," ಎಂದ. "ನೋಡಾಕ ಹೋದಾಗ ಬರೇ ದೊಡ್ಡವರ ಮಾತಾಡಿದ್ರು. ನನ್ನ ದನಿ ಆಕಿ ಮೊದಲ ನಿನ್ನ ಬಾಯಾಗ ಕೇಳೂದು ಬ್ಯಾಡ."

ಅಲ್ಲಿಗೇ ನಾನು ಬಿಟ್ಟುಕೊಡಬಹುದಿತ್ತು. ಆದರೆ ಹದಿನೆಂಟರ ವಯಸ್ಸು. ಕಾಕಾ ಸಾಕ್ಷಿಯಾಗಿ ಕರಾರು ಆಗಿಹೋಯಿತು.

ಗಡ ಕಟ್ಟುವ ಕೆಲಸ ಕಾಯುವವನದು. ಗುಡ್ಡದ ಬುಡದಿಂದ ಕೆಂಪು ಗರಸು, ಅಂದರೆ ಹರಳು ಬೆರೆತ ಮಣ್ಣು, ತಾ ಎಂದು ಕಾಕಾ ಹೇಳಿದ್ದರು. ಬಿಸಿಲಲ್ಲಿ ಬುಟ್ಟಿ ಹೊತ್ತು ಗುಡ್ಡಕ್ಕೆ ಹೋಗುವ ಜೀವ ನನ್ನದಲ್ಲ. ಓಣಿಯಲ್ಲಿ ಯಾರದೋ ಮನೆ ಮಾಳಿಗೆಗೆಂದು ಬಂಡಿಗಟ್ಟಲೆ ಕಪ್ಪು ಎರೆಮಣ್ಣು ಬಿದ್ದಿತ್ತು. ಎರಡು ಬುಟ್ಟಿ ತಂದು ಕಲಸಿದೆ. ಎಂಥ ಮಣ್ಣು ಅದು! ಬೆಣ್ಣೆಯಂತೆ ಕೈಗೆ ಒಗ್ಗಿತು. ಮೊಳದೆತ್ತರದ ಗುಡ್ಡ, ಅದರ ಮೇಲೆ ನೆಟ್ಟಗಿನ ಗೋಡೆ, ಸುತ್ತ ಬುರುಜು. ಕೈ ಒದ್ದೆ ಮಾಡಿ ಸವರಿದರೆ ಮುಖ ಕಾಣುವಷ್ಟು ನುಣುಪು. ಕಾಕಾ ಸುತ್ತು ಹಾಕಿ, ಮೀಸೆ ತೀಡಿ, "ಹೂಂ, ಚಂದ ಐತಿ" ಎಂದಷ್ಟೇ ಅಂದರು. ಭಾವ ಬಗ್ಗಿ ಉಗುರಿನಿಂದ ಸ್ವಲ್ಪ ಕೆರೆದು, ಬೆರಳ ನಡುವೆ ತಿಕ್ಕಿ ನೋಡಿ, ಹೋಗಿ ಪಡಸಾಲೆಯ ಪಡುವಣ ಕಿಟಕಿಯನ್ನು ಪೂರ್ತಿ ತೆರೆದ.

"ಸೆಖಿ ಭಾಳ ಐತಿ," ಎಂದ.

ಗಾಳಿ ಬಂದರೆ ನನಗೇನು ಬೇಡವೇ? "ತಗಿ ಭಾವಾ, ತಗಿ" ಎಂದೆ.

ಎರಡೂ ಕಡೆ ನಾಲ್ವತ್ತು ನಾಲ್ವತ್ತು ಮಂದಿ. ನನ್ನ ನೀರು ಗಡದೊಳಗೇ ತೆಂಗಿನ ಚಿಪ್ಪಿನಲ್ಲಿ, ಮೂರು ದಿನಕ್ಕೆ ಹನ್ನೆರಡು ಚಮಚ. ಭಾವನ ದಂಡಿಗೆ ಪಡಸಾಲೆಯ ಆಚೆ ತುದಿಯ ತಂಬಿಗೆಯೇ ಹೊಳೆದಂಡೆಯ ಊರು ಹೊಳೆಮಣ್ಣೂರ. ನಡೆದು ಹೋಗಿ ಕುಡಿದು ಬರಬೇಕು.

ಮೊದಲ ದಿನ ನನ್ನದೇ ದಿನ. ಮೇಲಿನಿಂದ ನೂಲು ಬಿಟ್ಟರೆ ಬಯಲಲ್ಲಿ ಅಡ್ಡವೇ ಇಲ್ಲ. ಒಂಬತ್ತು ಹತ್ತಿಕಾಳು ಸತ್ತವು. ಒಂದೊಂದು ಬಿದ್ದಾಗಲೂ ನಾನು ಭಾವನ ದನಿಯಲ್ಲಿ, "ಏನಪಾ ಅಂದ್ರ, ನಾ ಸತ್ತೆ" ಎಂದು ಸಾರುತ್ತಿದ್ದೆ. ಕಾಕಾ ನಕ್ಕರು. ನಕ್ಕ ಕಾಕಾನನ್ನೂ ಬಿಡದೆ, ಬಲಗಿವಿ ಮುಂದೆ ಮಾಡಿ "ಏನಲೇ ಅಂದಿ?" ಎಂದೆ. ಅವರು ನಗು ನಿಲ್ಲಿಸಿದರು. ಭಾವ ಮಾತ್ರ ತನ್ನವರನ್ನು ದೂರಕ್ಕೆ ಎಳೆದುಕೊಂಡು, ಹತ್ತರಂತೆ ತಂಡ ಮಾಡಿ ನೀರಿಗೆ ಕಳಿಸುತ್ತ ಕೂತ.

ಎರಡನೆಯ ದಿನವೂ ಅದೇ. ಹೋಗುವುದು, ನೀರು ಕುಡಿಯುವುದು, ಬರುವುದು. "ಭಾವಾ, ಲಡಾಯಿಗೆ ಬಂದೀಯೋ, ಎಮ್ಮಿ ಮೇಸಾಕ ಬಂದೀಯೋ?" ಎಂದು ಕೇಳಿದೆ. ಅವನು ಕಿಟಕಿಯ ಕಡೆ ನೋಡಿದ. ನಾನೂ ನೋಡಿದೆ. ಇಳಿಬಿಸಿಲು ಒಳಗೆ ಬಂದು ಗಡದ ಹಿಂದಿನ ಗೋಡೆಗೆ ನೇರವಾಗಿ ಬಡಿಯುತ್ತಿತ್ತು. ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಕೂದಲೆಳೆಯಂಥ ಗೆರೆ.

ನನಗೆ ಗಾಬರಿಯಾಯಿತು. ಚೀಟಿ ಬರೆದೆ: ಚಿಪ್ಪಿನ ನೀರಿನಿಂದ ಗೋಡೆ ಬಳಿಯುವುದು. ಕಾಕಾ ಓದಿ, "ನೀರು ನಿಂದು. ಕುಡಸ್ತೀಯೋ, ಬಳೀತೀಯೋ, ನಿನಗ ಬಿಟ್ಟದ್ದು" ಎಂದರು. ಉಳಿದಿದ್ದ ನಾಲ್ಕು ಚಮಚದಲ್ಲಿ ಮೂರನ್ನು ಸುರಿದು, ಹೊಸ ಮಣ್ಣು ಮೆತ್ತಿ, ಸವರಿದೆ. ಗೆರೆ ಮಾಯವಾಯಿತು. ಜಾಣ ನಾನೇ ಎಂದುಕೊಂಡು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ತಿಂದೆ.

ಮೂರನೆಯ ಮಧ್ಯಾಹ್ನ ಬಂದು ನೋಡಿದರೆ ಮೆತ್ತಿದ ಮಣ್ಣು ಒಣಗಿ, ಸೆಳೆದುಕೊಂಡು, ತನ್ನ ಜೊತೆಗೆ ಹಳೆಯದನ್ನೂ ಎಳೆದು, ಗೋಡೆ ಕಿರುಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಬಿರುಕು ಬುಡದವರೆಗೂ ಇಳಿದಿತ್ತು. ಕಾಕಾ ಚಮಚ ತೆಗೆದುಕೊಂಡು ಬಂದು, ಇದ್ದ ಒಂದೇ ಚಮಚವನ್ನು ಹತ್ತು ಮಂದಿಗೆ ಕುಡಿಸಿ, ನನ್ನ ಉಳಿದ ಮೂವತ್ತು ಹುಣಸೆಬೀಜಗಳನ್ನು ಒಂದೊಂದಾಗಿ ಮಲಗಿಸಿದರು. ಬೇಕೆಂದೇ ನಿಧಾನವಾಗಿ ಮಲಗಿಸಿದರು.

ಭಾವ ಚೀಟಿ ಕೊಟ್ಟ. ಕಾಕಾ ಗಟ್ಟಿಯಾಗಿ ಓದಿದರು: "ಹಿಂದಿನ ಬಿರುಕಿನಾಗ ಹಾಯ್ದು ಒಬ್ಬೊಬ್ಬರ ಒಳಗ ಹೋಗೂದು. ಮುಂದ ಎಂಟು ಮಂದಿ ಗದ್ದಲ ಮಾಡೂದು."

"ನಡಿಯೂದಿಲ್ರೀ ಕಾಕಾ!" ನಾನು ಎದ್ದು ನಿಂತೆ. ದನಿ ಎಲ್ಲಿಗೋ ಏರಿತ್ತು. "ಖರೇ ಗಡ ಕಲ್ಲಿಂದೈತ್ರಿ! ಕಲ್ಲು ಎಲ್ಲ್ಯಾರ ಬಿರಕ ಬಿಡ್ತೈತೇನ್ರಿ? ನೀವ ಹೇಳೀರಿ, ಎಲ್ಲಾ ಖರೇ ಇದ್ದಂಗ ಇರಬೇಕಂತ!"

ಕಾಕಾ ಬೋರಲು ಮಲಗಿ, ಗದ್ದ ನೆಲಕ್ಕಿಟ್ಟು, ಒಂದು ಹತ್ತಿಕಾಳನ್ನು ಬಿರುಕಿನಲ್ಲಿ ನೂಕಿ ನೋಡಿದರು. ಅದು ಸರಾಗವಾಗಿ ಒಳಗೆ ಹೋಯಿತು.

"ನಾ ಗರಸು ತಾ ಅಂದಿದ್ದೆ. ನೀ ಎರಿ ತಂದಿ," ಎಂದರು. "ಲಡಾಯಿ ಇದ್ದ ನೆಲದ ಮ್ಯಾಲ ಆಗ್ತೈತಿ ತಮ್ಮಾ, ನೀ ಅನಕೊಂಡ ನೆಲದ ಮ್ಯಾಲ ಅಲ್ಲ."

"ಭಾವಾ, ನಿನಗ ಮೊದಲ ದಿನಾನ ಗೊತ್ತಿತ್ತೇನು?"

ಅವನು ಎರಡು ಸಲ ಕೆಮ್ಮಿದ. "ಏನಪಾ ಅಂದ್ರ, ಬ್ಯಾಸಗ್ಯಾಗ ನಮ್ಮ ಹೊಲದಾಗ ಕುರಿಮರಿ ಕಾಲು ಸಿಗಬೀಳೂವಂಥ ಬಿರಕ ಬಿಡ್ತಾವಲೇ. ರೋಣದಾಂವಗ ಎರಿ ಹೊಲ ಹ್ಯಾಂಗಂತ ಕೇಳತೀಯಲ್ಲ."

ಸಂಜೆಯೊಳಗೆ ಗಡ ಬಿತ್ತು. ನನ್ನವರು ಮಲಗಿದ್ದಲ್ಲೇ ಸಿಕ್ಕಿಬಿದ್ದರು.

ನರಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ ಎದುರಿಗೇ ನಿಂತು, ಅಷ್ಟು ಚಂದ "ರೋಣಾ, ರೋಣಾ" ಎಂದು ಒದರುತ್ತಿದ್ದ. ನಾನು ನಾಲಗೆ ಕಚ್ಚಿ ಕೂತೆ. ಬೀಗರ ಮನೆ ಗುಡ್ಡದ ಬುಡದಲ್ಲಿ. ನಿಶ್ಚಯ ಮುಗಿದು ಎಲೆ ಅಡಿಕೆ ಬಂದ ಮೇಲೆ ಹೆಣ್ಣಿನ ಸೋದರತ್ತೆ ನನ್ನನ್ನೇ ಹುಡುಕಿದರು.

"ನೀನ ಅಲ್ಲೇನಪಾ ದನಿ ತಗಿಯಾಂವ? ತಗಿ ನೋಡೂಣು."

"ಗಂಟಲ ಕುಂತೈತ್ರಿ ಅತ್ತಿ."

ಸೋದರಮಾವನ ಮುಖ ಸಣ್ಣದಾಯಿತು. "ಲೇ, ಮರ್ಯಾದಿ ಕಳೀತಿ, ಏನರ ಮಾಡಲೇ" ಎಂದು ತಿವಿದರು. ಇಡೀ ಪಡಸಾಲೆ ನನ್ನ ಬಾಯಿ ನೋಡುತ್ತಿತ್ತು. ಆ ಕೆಮ್ಮು ನನ್ನ ಗಂಟಲಿನ ತುದಿಗೆ ಬಂದು ಕೂತಿತ್ತು. ಭಾವನನ್ನು ನೋಡಿದೆ, ಅವನು ಪೇಟದ ಕೆಳಗೆ ಬೆವರುತ್ತಿದ್ದ. ಕೆಮ್ಮನ್ನು ನುಂಗಿದೆ.

ಆಗ ಭಾವನೇ ಎದ್ದು ನಿಂತ. ನಾನು ಅವನ ಕೆಮ್ಮಿಗೆ ಕಾದೆ. ಬರಲಿಲ್ಲ. ಅವನು ಸೊಂಟದ ಮೇಲೆ ಕೈಯಿಟ್ಟು, ಕತ್ತು ಉದ್ದ ಮಾಡಿ, ಹುಂಜದಂತೆ ಹಿಮ್ಮಡಿ ಎತ್ತಿ ಕಿರುಚಿದ: "ನಡಿಯೂದಿಲ್ರೀ ಕಾಕಾ! ಖರೇ ಗಡ ಕಲ್ಲಿಂದೈತ್ರಿ!"

ಅಲ್ಲಿಂದ ಶುರುವಾಗಿ ಇಡೀ ಲಡಾಯಿಯನ್ನು ಆಡಿ ತೋರಿಸಿದ. ಗೋಡೆ ಸವರಿ ಮುಖ ನೋಡಿಕೊಳ್ಳುವ ನಾನು, "ತಗಿ ಭಾವಾ, ತಗಿ" ಎಂದು ಕಿಟಕಿ ತೆಗೆಸುವ ನಾನು, ಸಿಪಾಯಿಗಳ ನೀರನ್ನು ಗೋಡೆಗೆ ಬಳಿಯುವ ನಾನು. ಸೋದರತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಆತುಕೊಂಡರು. ಒಳಬಾಗಿಲ ಹಿಂದಿನಿಂದ ಒಂದು ನಗು ತಡೆಯಲಾರದೆ ಹೊರಗೆ ಬಂತು, ಬಳೆಗಳ ಸದ್ದಿನೊಂದಿಗೆ. ಭಾವ ಒಂದು ಕ್ಷಣ ಆ ಕಡೆ ನೋಡಿ ಕೆಂಪಾದ. ಅವಳು ಮೊದಲು ಕೇಳಿದ ಅವನ ದನಿ ನನ್ನದಾಗಿತ್ತು.

ಊರಿಗೆ ಬಂದವನೇ ಕಾಕಾನ ಬಲಗಿವಿಯ ಬದಿಗೆ ಕೂತು ಎಲ್ಲ ಹೇಳಿದೆ. ಅವರು ನಗುತ್ತ ನಗುತ್ತ, "ಭಾವ ನಿನ್ನ ದನಿ ಹ್ಯಾಂಗ ತಗದ, ತಗದು ತೋರಸು ನೋಡೂಣು" ಎಂದರು.

"ಕರಾರು ಐತ್ರಿ ಕಾಕಾ. ತಿಂಗಳು ಯಾರ ದನಿನೂ ತಗಿಯೂಹಂಗಿಲ್ಲ."

"ನಿಂದ ದನಿ ಅಲ್ಲೇನಲೇ ಅದು?"

"ಅಲ್ರೀ," ಎಂದೆ. "ನನ್ನ ದನಿ ಹಂಗಿಲ್ಲ ಬಿಡ್ರಿ."