ತೊಕ್ತೊಸುನ್ ಯಾರ ಮಗ?

ಬುರುಲ್ ನಮ್ಮ ನರಿನ್ ಊರಿನಲ್ಲಿ ವೆಬ್ ಪುಟ ಮಾಡಿಕೊಡುವ ಹೆಂಗಸು. ಹೋಟೆಲಿನವರು, ಉಣ್ಣೆ ಜಮಖಾನೆ ಮಾರುವವರು, ಹಲ್ಲಿನ ಡಾಕ್ಟರು, ಎಲ್ಲರ ಪುಟಗಳೂ ಅವಳ ಅಡುಗೆಮನೆಯ ಮೇಜಿನ ಮೇಲೇ ಹುಟ್ಟಿದ್ದು. ಮಾತು ಕಡಿಮೆ, ಹಠ ಜಾಸ್ತಿ. ಪಕ್ಕದ ಮನೆಯವಳಾದ ನನಗೆ ಅವಳ ಕೆಲಸದ ತಲೆಬುಡ ತಿಳಿಯುವುದಿಲ್ಲ. ಆದರೂ ಆ ವಾರ ನಾನೇ ಅವಳ ಬಾಯಾಗಬೇಕಾಯಿತು.

ಅವಳ ಮಾವ ಬೊರೊಂಬಾಯ್ ಬಸ್ ಓಡಿಸಿ ನಿವೃತ್ತರಾದವರು. ತಮ್ಮ ಕುಲದ ಏಳು ತಲೆಮಾರಿನ ವಂಶಾವಳಿಯನ್ನು ವೆಬ್ ಪುಟ ಮಾಡಲು ಸೊಸೆಗೇ ಒಪ್ಪಿಸಿದ್ದರು. ಭಾನುವಾರ ಕುಲದ ಹಿರಿಯರು ಮನೆಗೆ ಬಂದು ನೋಡುವವರಿದ್ದರು. ಬೇರೆ ಕುಲದಿಂದ ಬಂದವಳ ಕೈಗೆ ಏಳು ತಲೆಮಾರನ್ನು ಕೊಡುವುದೆಂದರೆ ಸಣ್ಣ ಮಾತೇ? ಬುರುಲ್ ಹಿಗ್ಗಿಹೋಗಿದ್ದಳು. ಏಳೂ ತಲೆಮಾರು ಒಂದೇ ಪರದೆಯಲ್ಲಿ ಕಾಣಲೆಂದು ಹೆಸರುಗಳನ್ನು ಪುಟ್ಟ ಅಕ್ಷರದಲ್ಲಿ, ಅಳತೆ ಮಾಡಿದ ಚೌಕಗಳೊಳಗೆ ಒಪ್ಪವಾಗಿ ಕೂರಿಸಿದ್ದಳು.

ಗುರುವಾರ ಬೊರೊಂಬಾಯ್ ತಮ್ಮ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಕೂಗಿದ ಕೂಗಿಗೆ ನಾನು ಹಿಟ್ಟಿನ ಕೈಯಲ್ಲೇ ಓಡಿದೆ.

"ನೋಡಮ್ಮ ಇಲ್ಲಿ! ನಮ್ಮಪ್ಪ ತೊಕ್ತೊಸುನ್ ಯಾರ ಮಗ? ದೋಸಾಲಿ ಮಗ ತಾನೆ? ಇವಳು ತಗೊಂಡೋಗಿ ನಮ್ಮ ದಾಯಾದಿ, ಆ ಕುದುರೆ ಕಳ್ಳ ಕಾಲ್‌ಮೂರ್ಜನ ಕೆಳಗೆ ನಿಲ್ಸಿದಾಳೆ!"

ನೋಡಿದರೆ ಹಾಗೆಯೇ ಇತ್ತು. ಬುರುಲ್ ಮುಖ ಕೆಂಪಾಯಿತು.

"ಇಲ್ಲ ಆತಾ, ನಾನು ಸರಿಯಾಗೇ ಹಾಕಿದೀನಿ. ನಿಮ್ಮ ಆತಾ ಅವರನ್ನ... ಆ ಇನ್ನೊಬ್ಬರ... ಅಯ್ಯೋ, ಎಜೆ, ನೀವೇ ಓದಿ ಹೇಳಿ!"

ನಮ್ಮಲ್ಲಿ ಅಪ್ಪನನ್ನೂ ಮಾವನನ್ನೂ ಆತಾ, ಅಕ್ಕನಂಥವಳನ್ನು ಎಜೆ ಎಂದು ಕರೆಯುತ್ತೇವೆ; ಗಂಡನ ಕಡೆಯ ಹಿರಿಯರ ಹೆಸರನ್ನಂತೂ ಸೊಸೆ ನಾಲಿಗೆಗೆ ತರುವಂತಿಲ್ಲ. ಆರೋಪ ಬಂದಿರುವುದೇ ಹೆಸರುಗಳ ಮೇಲೆ, ಇವಳು ವಾದ ಮಾಡುವುದಾದರೂ ಹೇಗೆ? ನಾನೇ ಅಡುಗೆಮನೆಗೆ ಹೋಗಿ ಅವಳ ಕಂಪ್ಯೂಟರಿನಲ್ಲಿ ನೋಡಿ ಕೂಗಿದೆ.

"ದೋಸಾಲಿ, ಕೆಳಗೆ ತೊಕ್ತೊಸುನ್!"

"ಕಾಲ್‌ಮೂರ್ಜಾ, ಕೆಳಗೆ ತೊಕ್ತೊಸುನ್!" ಎಂದು ಹಜಾರದಿಂದ ಮುದುಕ ಗುಡುಗಿದರು. "ಒಂದೇ ಪುಟ ಅಡುಗೆಮನೇಲಿ ಒಂಥರಾ, ಹಜಾರದಲ್ಲಿ ಒಂಥರಾ ಇರತ್ತಾ?"

ನನ್ನ ಫೋನಿನಲ್ಲಿ ತೆರೆದೆವು, ಸರಿಯಾಗಿತ್ತು. ಅವರದರಲ್ಲಿ ತೆರೆದೆವು, ತಪ್ಪಾಗಿತ್ತು. ಬುರುಲ್ ಅಳಿಸಿ ಮತ್ತೆ ಮಾಡಿದಳು. ತೊಕ್ತೊಸುನ್ ಮತ್ತೆ ಹೋಗಿ ಕಳ್ಳನ ಮಗನಾದ. ಶುಕ್ರವಾರವೂ ಅದೇ ಕಥೆ. ನನಗೆ ಮೊದಲು ಆ ಯಂತ್ರದ ಮೇಲೆ, ಆಮೇಲೆ ಮುದುಕನ ಮೇಲೆ, ಕೊನೆಗೆ ಇವಳ ಮೇಲೂ ಸಿಟ್ಟು ಬಂತು.

"ಎಜೆ, ನನಗೇನಾದ್ರೂ ಬುದ್ಧಿ ಕೆಟ್ಟಿದೆಯಾ?" ಎಂದಳು ಬುರುಲ್.

"ಬಿಟ್ಬಿಡು," ಎಂದರು ಮಾವ. "ರಾಜಧಾನಿ ಬಿಶ್ಕೆಕ್‌ನಲ್ಲಿ ನಮ್ಮ ಕುಲದ ಹುಡುಗ ಯಾರಾದ್ರೂ ಮಾಡ್ಕೊಡ್ತಾನೆ. ಬೇರೆಯವರ ರಕ್ತಕ್ಕೆ ಇದೆಲ್ಲ ಅರ್ಥ ಆಗಲ್ಲ."

ಆ ಮಾತು ಅವಳನ್ನು ಕೊಯ್ದುಹಾಕಿತು. ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು; ನಾನೂ ಹಿಂದೆಯೇ ಹೋದೆ. ಎರಡು ದಿನದಿಂದ ತುಟಿ ಬಿಚ್ಚದೆ ಚಹಾ ಬಗ್ಗಿಸುತ್ತಿದ್ದ ಅತ್ತೆ ಆಗ ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ಅಳಬೇಡ ಮಗಳೇ. ಚಳಿಗಾಲದಲ್ಲಿ ಕಂಪ್ಯೂಟರ್ ರಿಪೇರಿಯವನು ಬಂದಿದ್ನಲ್ಲ, ಅವನಿಗೆ ನಾನೇ ಹೇಳಿದ್ದೆ. ಯಾರು ಎಷ್ಟೇ ಸಣ್ಣಗೆ ಬರೆದ್ರೂ ಇದರಲ್ಲಿ ಅಕ್ಷರ ದೊಡ್ಡದಾಗೇ ಕಾಣಬೇಕು ಅಂತ. ಅವನೇನೋ ಒತ್ತಿ ಹೋದ. ಇವರು ಪರದೆಗೆ ಮೂಗು ತಾಗಿಸಿ ಓದೋದು ನೋಡಕ್ಕಾಗ್ತಿರಲಿಲ್ಲ. ಕಣ್ಣು ಮಂದ ಆಗಿದೆ ಅಂತ ಅವರ ಮುಖಕ್ಕೆ ಹೇಳೋರು ಯಾರು?"

ಬುರುಲ್ ಹಣೆ ಚಚ್ಚಿಕೊಂಡಳು. ಅವಳು ಬಿಡಿಸಿ ಹೇಳಿದ್ದು ಇಷ್ಟು: ಮಾವನ ಪರದೆಯಲ್ಲಿ ಅಕ್ಷರ ಊದಿಕೊಂಡಿದೆ, ಚೌಕ ಊದಿಲ್ಲ. ಸಾಲಿನಲ್ಲಿ ಜಾಗ ಸಾಲದೆ ಕೊನೆಯ ಹೆಸರು ಕೆಳಗಿನ ಸಾಲಿಗೆ ಜಾರಿ, ಸಿಕ್ಕಿದವರ ಕೆಳಗೆ ನಿಂತುಬಿಟ್ಟಿದೆ.

"ಆ ರಿಪೇರಿಯವನು ಮಾಡಿದ್ದನ್ನ ತೆಗೆದುಹಾಕು ಮತ್ತೆ!" ಎಂದೆ.

"ತೆಗೆದ್ರೆ ಎಲ್ಲಾ ಸರಿಹೋಗತ್ತೆ ಎಜೆ. ಆತಾಗೆ ಒಂದು ಹೆಸರೂ ಕಾಣಲ್ಲ."

ಶನಿವಾರವಿಡೀ ಕೂತು, ಅಕ್ಷರ ಬೆಳೆದಷ್ಟೂ ಚೌಕ ಬೆಳೆಯುವಂತೆ ಬದಲಾಯಿಸಿದಳು. ವಂಶಾವಳಿ ಒಂದು ಪರದೆಯಲ್ಲಿ ಹಿಡಿಯದೆ ಪಕ್ಕಕ್ಕೆ ಉದ್ದೋಉದ್ದ ಹರಿಯಿತು. ಅವಳ ಆ ಅಂದವೆಲ್ಲ ಕೆಟ್ಟಿತ್ತು.

ಸಂಜೆ ಬೊರೊಂಬಾಯ್ ನೋಡಿದರು. ದೋಸಾಲಿ, ಕೆಳಗೆ ತೊಕ್ತೊಸುನ್.

"ಏನು ಮಾಡಿದೆ?"

ಬುರುಲ್ ಅತ್ತೆಯ ಕಡೆ ನೋಡಿದಳು. ಅತ್ತೆ ಚಹಾದ ಕಡೆ ನೋಡಿದರು.

"ಅಕ್ಷರಕ್ಕೆ ತಕ್ಕಷ್ಟು ಜಾಗ ಬಿಟ್ಟೆ, ಆತಾ. ನಿಮ್ಮದರಲ್ಲಿ ಅಕ್ಷರ ದೊಡ್ಡದಿದೆ."

"ನನ್ನದರಲ್ಲಿ ಮಾತ್ರವಾ?"

"ಹೂಂ."

ಅವರು ನನ್ನ ಫೋನ್ ಕೇಳಿ ತೆಗೆದುಕೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು. ಅದರಲ್ಲಿ ತಮ್ಮ ಅಪ್ಪ ಎಲ್ಲಿದ್ದಾರೆಂದು ಅವರಿಗೆ ಕೊನೆಗೂ ಸಿಗಲಿಲ್ಲ.

"ಇದು ಯಾರ್ಯಾರಿಗೆ ಗೊತ್ತು?" ಎಂದರು.

ಈಗ ಕೂಗುತ್ತಾರೆಂದು ನಾನು ಕಾದೆ. ಅವರು ಫೋನ್ ನನ್ನ ಕೈಗಿಟ್ಟು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೂ ಒಂಚೂರು ದೊಡ್ಡದು ಮಾಡು ಮಗಳೇ. ನಾಳೆ ಬರೋ ಮುದುಕರಿಗೂ ಇಷ್ಟೇ ಕಾಣೋದು. ಅವರೂ ಬಾಯಿಬಿಟ್ಟು ಹೇಳಲ್ಲ."