ನಜೀಬ್ ಭಾಯಿಯ ಎರಡನೇ ಗುಂಡು

ಫಾರ್ಮಿಂಗ್ಟನ್ ಹಿಲ್ಸಿನ ನಜೀಬ್ ಭಾಯಿ ಜಿಂಕೆಗಳ ಋಣದಲ್ಲಿ ಬದುಕಿರುವ ಮನುಷ್ಯ. ವರ್ಷವಿಡೀ ಅವು ಎಲ್ಲರ ಕಾರಿಗೂ ಗುದ್ದಿ ಇವರ ಬಾಡಿ ಶಾಪಿಗೆ ಗಿರಾಕಿ ಕಳಿಸುತ್ತವೆ. ನವೆಂಬರ್ ಬಂತೆಂದರೆ ಅವುಗಳಲ್ಲೊಂದು ಇವರ ಮನೆಯ ಬಿರಿಯಾನಿಯಾಗುತ್ತದೆ. ಹನ್ನೊಂದು ತಿಂಗಳು ಬಾಡಿ ಶಾಪು, ಒಂದು ತಿಂಗಳು ಬಾಡಿನ ಯೋಚನೆ. "ಇಂಗ್ಲಿಷಿನವರು ಸುಮ್ನೆ ಅದನ್ನ ಡಿಯರ್ ಅಂದಿಲ್ಲ ಸಾರ್," ಎಂದು ಡೊಂಕಾದ ಬಾನೆಟ್ ತಟ್ಟುತ್ತ ಹೇಳುತ್ತಾರೆ.

ಹುಟ್ಟೂರು ಅರಸೀಕೆರೆ. ಮನೆಯಲ್ಲಿ ಆಡುವುದು ದಖನಿ, ಲೆಕ್ಕ ಹಾಕುವುದು ಇಂಗ್ಲಿಷು, ಬೈಯುವುದು ಮಾತ್ರ ಶುದ್ಧ ಹಾಸನ ಜಿಲ್ಲೆಯ ಕನ್ನಡ. ಗುಂಡು ಹಾಕುವವರಲ್ಲ, ಹಾರಿಸುವವರು. ಅದಕ್ಕೆಂದೇ ಒಂದು ಹಳೇ ಕಾಲದ ರೈಫಲ್ಲು ಇಟ್ಟುಕೊಂಡಿದ್ದಾರೆ. ಟ್ರಿಗರ್ ಸುತ್ತ ಒಂದು ಕಬ್ಬಿಣದ ಬಳೆಯಂಥ ಹಿಡಿ. ಅದನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಖಟಕ್-ಖಟಕ್ ಎಂದು ಖಾಲಿ ತೋಟಾ ಹೊರಗೆ ಹಾರಿ, ಹೊಸದು ಒಳಗೆ ಕೂರುತ್ತದೆ. ತೋಟಾ ಎಂದರೆ ಸಣ್ಣಪುಟ್ಟದ್ದಲ್ಲ, ಒಂದೊಂದೂ ಹೆಬ್ಬೆರಳಿನ ಗಾತ್ರ. ಆ ದಪ್ಪನೆಯ ಗುಂಡು ಹತ್ತಿರದಲ್ಲಿ ಗೂಳಿಯ ಹಾಗೆ ನುಗ್ಗುತ್ತದೆ. ದೂರ ಹೋದಂತೆ ಮಧ್ಯಾಹ್ನದ ಊಟ ಮುಗಿಸಿದ ಗುಮಾಸ್ತನ ಹಾಗೆ ಕೆಳಗೆ ಜೋಲುತ್ತದೆ. ಹಾಗಾಗಿ ನಜೀಬ್ ಭಾಯಿಯದು ಒಂದೇ ಕಾನೂನು: ನೂರು ಗಜ ದಾಟಿ ನಿಂತ ಜಿಂಕೆ ನಮ್ಮದಲ್ಲ, ಪಕ್ಕದ ಮನೆಯವರದು.

ಅವರಿಗೆ 'ಅಂದಾಜು' ಎಂಬ ಪದವನ್ನು ಕಂಡರಾಗದು. "ಅಂದಾಜಲ್ಲಿ ಎಷ್ಟಾಗುತ್ತೆ ಭಾಯ್?" ಎಂದ ಗಿರಾಕಿಗೆ, "ಅಂದಾಜು ಬೇಕಾದ್ರೆ ಜ್ಯೋತಿಷಿ ಹತ್ರ ಹೋಗಿ, ಬಾಗಿಲು ಬಿಚ್ಚಿ ನೋಡೋವರೆಗೂ ನಾನು ಬಾಯಿ ಬಿಚ್ಚಲ್ಲ," ಎನ್ನುತ್ತಾರೆ.

ಬೇಟೆಗೆ ಜೊತೆಗಾರ ದೇವೇಂದ್ರ. ಪಕ್ಕದ ನೋವೈ ಊರಿನಲ್ಲಿ ಕಾರಿನ ಬ್ರೇಕ್ ಪರೀಕ್ಷೆ ಮಾಡುವ ಇಂಜಿನಿಯರ್. ಬ್ರೇಕ್ ಹಿಡಿದರೆ ಇವನ ಹೊಟ್ಟೆ ತುಂಬುತ್ತದೆ, ಹಿಡಿಯದಿದ್ದರೆ ಅವರದು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಈ ಶುದ್ಧ ಸಸ್ಯಾಹಾರಿ ಪ್ರತಿವರ್ಷ ಕೊರೆಯುವ ಚಳಿಯಲ್ಲಿ ಉತ್ತರಕ್ಕೆ, ಕ್ಲೇರ್ ಎಂಬ ಊರಿನ ಹತ್ತಿರದ ಗಿರಾಕಿಯೊಬ್ಬರ ಜಮೀನಿಗೆ, ಡ್ರೈವ್ ಮಾಡಿಕೊಂಡು ಹೋಗಿ, ಜಿಂಕೆಗೆ ಕಾಣದಂತೆ ಕಾಯುವ ಪ್ಲೈವುಡ್ಡಿನ ಗೂಡಿನಲ್ಲಿ ನಜೀಬ್ ಭಾಯಿಯ ಪಕ್ಕ ಮುದುರಿ ಕೂರುತ್ತಾನೆ. ಕೈಯಲ್ಲಿ ದೂರ ಅಳೆಯುವ ಲೇಸರ್ ಯಂತ್ರ, ಚೀಲದಲ್ಲಿ ಪುಳಿಯೋಗರೆ. "ಕೊಲ್ಲೋದು ಅವರ ಡಿಪಾರ್ಟ್‌ಮೆಂಟು, ಅಳೆಯೋದು ನಂದು," ಎಂದು ಹೆಂಡತಿಗೆ ಸಮಜಾಯಿಷಿ ಕೊಟ್ಟಿದ್ದಾನೆ.

ಪ್ರತಿವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಶನಿವಾರ ನಜೀಬ್ ಭಾಯಿಯ ಮನೆಯಲ್ಲಿ ಜಿಂಕೆ ಬಿರಿಯಾನಿ. ನಮ್ಮಂಥ ಪುಳಿಚಾರಿನವರಿಗೆ ಬೇರೆ ಒಲೆ, ಬೇರೆ ಪಾತ್ರೆ. ಆ ಮನೆಯಲ್ಲಿ ಯಾರೂ ಪಾತ್ರೆ ಮುಚ್ಚಳ ತೆಗೆದು "ಇದು ಸರಿಯಾಗಿದೆಯಾ?" ಎಂದು ಕೇಳುವುದಿಲ್ಲ. ಅವರು ಬಡಿಸಿದರೆಂದರೆ ಸರಿಯಾಗಿಯೇ ಇರುತ್ತದೆ.

ಈ ವರ್ಷ ಊಟಕ್ಕೆ ಹೊಸ ನೆಂಟರು ಬರುವವರಿದ್ದರು. ಮಗಳು ಇರಮ್, ಶಿಕಾಗೋದಲ್ಲಿ ಜೊತೆಗೆ ಓದಿದ ರಯ್ಯಾನ್ ಎಂಬ ಹುಡುಗನನ್ನು ಒಪ್ಪಿಕೊಂಡಿದ್ದಳು. ಅವನ ತಂದೆ ಗಫಾರ್ ಸಾಹೇಬರು ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ಔಷಧಿ ಅಂಗಡಿ ಇಟ್ಟವರು, ಮೂಲ ಚನ್ನಪಟ್ಟಣ. ಮಾಂಸದ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಗುರುತಿನ ಕಸಾಯಿ ಕೈಯಿಂದ ಕೊಯ್ದದ್ದಲ್ಲದೆ ಮುಟ್ಟುವುದಿಲ್ಲ, ಮದುವೆ ಮನೆಗಳಲ್ಲೂ ಮೊಸರನ್ನ ತಿಂದು ಬರುವವರು. ಅಂಥವರಿಗೆ ಇರಮ್ ಫೋನಿನಲ್ಲಿ ಜಂಬ ಕೊಚ್ಚಿದ್ದಳು: "ಅಂಕಲ್, ನಮ್ಮ ಅಬ್ಬಾ ಗುರಿ ತಪ್ಪಿದ್ರೂ ಬಿಸ್ಮಿಲ್ಲಾ ತಪ್ಪಲ್ಲ." ಬೇಟೆಯ ಪ್ರಾಣಿಯನ್ನು ತಿನ್ನಬೇಕಾದರೆ ಟ್ರಿಗರ್ ಎಳೆಯುವಾಗ ದೇವರ ಹೆಸರು ಹೇಳಬೇಕು, ಒಂದೊಂದು ಗುಂಡಿಗೂ ಬೇರೆಬೇರೆಯಾಗಿ. ಸಾಹೇಬರು ಯೋಚಿಸಿ, "ಹಾಗಾದ್ರೆ ತಿಂತೀನಿ," ಎಂದಿದ್ದರು. ಸುರಯ್ಯಾ, ಅಂದರೆ ನಜೀಬ್ ಭಾಯಿಯ ಪತ್ನಿ, ಅದನ್ನೇ ಅರ್ಧ ನಿಶ್ಚಿತಾರ್ಥ ಎಂದು ತಿಳಿದಿದ್ದರು.

ಬೇಟೆಯ ಸೀಸನ್ನಿನ ಮೊದಲ ವಾರಾಂತ್ಯ. ಹೊಲದಂಚಿನ ಬರ್ಚ್ ಮರಗಳ ನಡುವಿನಿಂದ ಒಂದು ಗಂಡು ಜಿಂಕೆ ಹೊರಗೆ ಬಂತು.

"ಎಪ್ಪತ್ತೆರಡು," ದೇವೇಂದ್ರ ಪಿಸುಗುಟ್ಟಿದ.

ನಜೀಬ್ ಭಾಯಿ ಬಿಸ್ಮಿಲ್ಲಾ ಎಂದು ಟ್ರಿಗರ್ ಎಳೆದರು. ಗೂಡೇ ನಡುಗಿತು. ಗುಂಡು ಅಡ್ಡವಿದ್ದ ರೆಂಬೆಯೊಂದನ್ನು ಮುರಿದು ಎಲ್ಲಿಗೋ ಹೋಯಿತು. ಜಿಂಕೆ, ನಮ್ಮವರು ಸಿಗ್ನಲ್ಲಿನಲ್ಲಿ ನಿಲ್ಲುವಂತೆ, ಅರೆಮನಸ್ಸಿನಿಂದ ನಿಂತಿತು. ಖಟಕ್-ಖಟಕ್, ಢಮಾರ್! ಜಿಂಕೆ ನಿಂತಲ್ಲೇ ಕುಸಿಯಿತು.

ಇರಮ್‌ಗೆ ಫೋಟೋ ಹೋಯಿತು. ಅದು ಎರಡು ನಿಮಿಷದಲ್ಲಿ ಸ್ಕೋಕಿ ತಲುಪಿತು. ಜಿಂಕೆಯನ್ನು ಟ್ರಕ್ಕಿಗೆ ಹಾಕಿ, ಬೆರಳು ಬಿಸಿ ಮಾಡಿಕೊಳ್ಳುವಾಗ ನಜೀಬ್ ಭಾಯಿ ತಣ್ಣಗೆ ಕೇಳಿದರು:

"ದೇವು, ಎರಡನೇ ಸಲ ನಾನು ಹೇಳಿದ್ನಾ?"

"ಏನು?"

"ಬಿಸ್ಮಿಲ್ಲಾ."

ದೇವೇಂದ್ರ ತಲೆ ಕೆರೆದುಕೊಂಡ. "ನಿಮ್ದು ಕೇಳಿಸ್ಲಿಲ್ಲ ನಜೀಬ್ ಭಾಯ್. ಮೊದಲ್ನೇದಕ್ಕೇ ನಾನು ಹೆದರಿ 'ಅಯ್ಯೋ ದೇವರೇ' ಅಂತ ಕಿರುಚ್ತಿದ್ದೆ."

ಬಂದೂಕಿನ ಗುಣವೇ ಮುಳುವಾಗಿತ್ತು. ಖಟಕ್-ಖಟಕ್ ಎನ್ನುವ ಆ ಕೈ ಬಾಯಿಗಿಂತ ಮುಂದೆ ಓಡಿತ್ತು. ಮಸೀದಿಯ ಇಮಾಮರಿಗೆ ಫೋನು ಹೋಯಿತು.

"ಮರೆತಿದ್ರೆ ಪರವಾಗಿಲ್ಲ ಭಾಯ್, ತಿನ್ನಬಹುದು," ಎಂದರು ಇಮಾಮರು. "ಬೇಕಂತಲೇ ಬಿಟ್ಟಿದ್ರೆ ಇಲ್ಲ. ಮರೆತ್ರಾ?"

"ಅದೇ ತಿಳೀತಿಲ್ಲ ಹಜ್ರತ್. ಮರೆತದ್ದೂ ಅಲ್ಲ, ಬೇಕಂತಲೂ ಅಲ್ಲ. ಆತುರ. ಆದ್ರೆ ದೇವರ ಹೆಸರಂತೂ ಬಂತು, ಗೂಡಿನಲ್ಲೇ ಬಂತು."

"ಯಾರ ಬಾಯಿಂದ?"

"ದೇವೇಂದ್ರನ ಬಾಯಿಂದ."

ಆ ಕಡೆ ಇಮಾಮರು ನಗು ತಡೆಯುವ ಸದ್ದು. "ಟ್ರಿಗರ್ ಎಳೆದೋರೇ ಹೇಳ್ಬೇಕು ಭಾಯ್. ನಿಮ್ಮ ಮನಸ್ಸಿಗೆ ಏನನ್ಸುತ್ತೋ ಹಾಗೆ ಮಾಡಿ."

ಮನಸ್ಸನ್ನು ಕೇಳುವುದೆಂದರೆ ಮತ್ತೆ ಅಂದಾಜು! ನಜೀಬ್ ಭಾಯಿಗೆ ನಿದ್ದೆಯೇ ಹಾರಿಹೋಯಿತು. ಸುರಯ್ಯಾ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. "ಇಮಾಮರೇ ಮರೆತದ್ದಕ್ಕೆ ಮಾಫಿ ಅಂದ್ರಲ್ಲ, ಮರೆತೆ ಅನ್ನಿ! ಮಗಳ ಮದುವೆ ಮುಂದೆ ನಿಮ್ಮ ಈ ವ್ಯಾಕರಣ ಯಾಕೆ?"

"ಮರೆತೆ ಅಂತ ಹೇಳೋಕೆ ಮರೆತಿರ್ಬೇಕಲ್ವಾ?"

"ಜಿಂಕೆ ಸಿಗ್ಲಿಲ್ಲ ಅಂತ ಚಿಕನ್ ಮಾಡಿಬಿಡೋಣ ಹಾಗಾದ್ರೆ."

"ಫೋಟೋ ಅವರ ಫೋನಲ್ಲಿ ಕೂತಿದೆ."

ಲೈಸೆನ್ಸಿನಲ್ಲಿ ಇನ್ನೊಂದು ಜಿಂಕೆಗೆ ಅವಕಾಶವಿತ್ತು. ಊಟದ ಹಿಂದಿನ ದಿನ, ಊರೆಲ್ಲ ಸೇಲಿಗೆ ಮುಗಿಬಿದ್ದಿರುವಾಗ, ಇಬ್ಬರೂ ಮತ್ತೆ ಗೂಡು ಸೇರಿದರು. ಈ ಸಲ ಕೈ ಓಡದಿರಲೆಂದು ನಜೀಬ್ ಭಾಯಿ ಬಂದೂಕಿಗೆ ಒಂದೇ ತೋಟಾ ಹಾಕಿದ್ದರು. ಸಂಜೆ ಹೊತ್ತಿಗೆ ಬಂತು, ಮೊದಲಿನದಕ್ಕಿಂತ ದೊಡ್ಡ ಕೊಂಬಿನದು. ಹೊಲದ ಆಚೆ ತುದಿಯಲ್ಲಿ ನಿಂತು ನಿಧಾನವಾಗಿ ಮೇಯತೊಡಗಿತು.

"ನೂರಾ ತೊಂಬತ್ತು," ಎಂದ ದೇವೇಂದ್ರ, ಫೋನು ತೆಗೆದು ಲೆಕ್ಕ ಹಾಕಿದ. "ಭಾಯ್, ಗುಂಡು ಎಷ್ಟು ಕೆಳಗೆ ಬೀಳುತ್ತೆ ಅಂತ ಇದ್ರಲ್ಲಿ ತೋರಿಸ್ತಿದೆ. ಬೆನ್ನಿನ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಹಿಡಿದ್ರೆ ಆಯ್ತು. ಹೊಡೀರಿ, ಮುಗಿದುಹೋಗ್ಲಿ."

"ಗಾಳಿಗೆ ಗುರಿಯಿಡು ಅಂತೀಯ?"

"ಹೆಚ್ಚೂ ಕಮ್ಮಿ ಸರಿಹೋಗುತ್ತೆ."

"ಹೆಚ್ಚಾದ್ರೆ ಜಿಂಕೆ ಉಳಿಯುತ್ತೆ. ಕಮ್ಮಿಯಾದ್ರೆ ಮುರಿದ ಕಾಲಲ್ಲಿ ರಾತ್ರಿಯೆಲ್ಲ ಓಡುತ್ತೆ. ಅಂದಾಜಿಗೆ ಹಾರಿಸೋಕೆ ಇದೇನು ದೀಪಾವಳಿ ರಾಕೆಟ್ಟಾ?"

"ನಾಳೆ ಸಾಹೇಬರು ಬರ್ತಾರೆ ಭಾಯ್!"

"ಅವರು ಬರ್ತಾರೆ ಅಂತ ಇದು ಹತ್ರ ಬರುತ್ತಾ?"

ಬರಲಿಲ್ಲ. ಕತ್ತಲಾಗುವವರೆಗೂ ಜಿಂಕೆ ಅಲ್ಲೇ ಮೇಯಿತು, ಇವರು ಇಲ್ಲೇ ಪುಳಿಯೋಗರೆ ಮೇದರು. ಬರಿಗೈಯಲ್ಲಿ ವಾಪಸು. ಮನೆಗೆ ಬಂದದ್ದೇ ಮೊದಲಿನ ಜಿಂಕೆಯ ಮಾಂಸವನ್ನೆಲ್ಲ ಗ್ಯಾರೇಜಿನ ಫ್ರೀಜರಿನಿಂದ ತೆಗೆದು, ತಮ್ಮ ಬಾಡಿ ಶಾಪಿನಲ್ಲಿ ಪೇಂಟ್ ಹೊಡೆಯುವ ಮೈಕ್‌ಗೆ ಕೊಟ್ಟುಬಿಟ್ಟರು. ಮೈಕ್‌ಗೆ ಇಂಥ ಯಾವ ಅನುಮಾನವೂ ಇಲ್ಲ, ದೊಡ್ಡ ಕೂಲರ್ ಮಾತ್ರ ಇದೆ.

ಶನಿವಾರ ಸ್ಕೋಕಿಯ ಕಾರು ಬಂತು. ಗಫಾರ್ ಸಾಹೇಬರು, ಅವರ ಬೇಗಂ, ರಯ್ಯಾನ್. ಸಲಾಮು, ಕುಶಲ, ಐ-ತೊಂಬತ್ತನಾಲ್ಕು ಹೆದ್ದಾರಿಯ ರಿಪೇರಿಗೆ ಒಂದಿಷ್ಟು ಶಾಪ. ಎಲ್ಲರೂ ಮೇಜಿಗೆ ಬಂದರು. ಸುರಯ್ಯಾ ಹಂಡೆಯ ಮುಚ್ಚಳ ತೆಗೆದರು. ಘಮ ಮಾತ್ರ ಪ್ರತಿ ವರ್ಷದ್ದೇ.

"ಇದೇನಾ ಫೋಟೋದಲ್ಲಿದ್ದದ್ದು?" ಸಾಹೇಬರು ಕುರ್ಚಿ ಎಳೆದುಕೊಂಡರು.

"ಅಲ್ಲ ಸಾಹೇಬ್ರೇ, ಇದು ಕೋಳಿ. ಡಿಯರ್‌ಬಾರ್ನಿನ ಕಸಾಯಿ ಅಂಗಡಿಯಲ್ಲಿ ಬೆಳಿಗ್ಗೆ ನಾನೇ ಎದುರಿಗೆ ನಿಂತು ಕೊಯ್ಸಿ ತಂದದ್ದು," ಎಂದರು ನಜೀಬ್ ಭಾಯಿ. ಇರಮ್ ಮುಖ ಬಿಳಿಚಿತು. ಅವರು ಎಲ್ಲವನ್ನೂ ಹೇಳಿದರು: ರೆಂಬೆ, ಖಟಕ್-ಖಟಕ್, ಇಮಾಮರು, ನೂರಾ ತೊಂಬತ್ತು ಗಜ, ಮೈಕ್‌ನ ಕೂಲರ್. "ಹೇಳಿದೀನಿ ಅಂತ ಗ್ಯಾರಂಟಿ ಇದ್ದಿದ್ರೆ ಬಡಿಸ್ತಿದ್ದೆ. ಇಲ್ಲ."

ಕಾನ್ವೆಂಟಿನಲ್ಲಿ ಊಟದ ಪ್ರಾರ್ಥನೆ ನುಂಗಿ ಸಿಕ್ಕಿಬಿದ್ದ ಮಧ್ಯಾಹ್ನಗಳೆಲ್ಲ ನನಗೆ ನೆನಪಾದವು. ಬೇಗಂ ತಟ್ಟೆ ನೋಡುತ್ತಿದ್ದರು. ಸಾಹೇಬರು ನಿಧಾನವಾಗಿ ನಮ್ಮ ಸಸ್ಯಾಹಾರಿ ಮೇಜಿನ ಕಡೆ ತಿರುಗಿದರು.

"ದೇವೇಂದ್ರ ಅಂದ್ರೆ ನೀವಾ?"

"ಹೌದು ಸಾರ್."

"ಪಕ್ಕದಲ್ಲೇ ಕೂತಿದ್ರಿ. ಇವರು ಹೇಳಿದ್ದು ಕೇಳಿಸ್ಲೇ ಇಲ್ವಾ?"

ಒಂದು 'ಕೇಳಿಸ್ತು' ಎಂದರೆ ಎಲ್ಲ ಸಲೀಸು. ದೇವೇಂದ್ರ ಒಮ್ಮೆ ಇರಮ್‌ಳನ್ನು ನೋಡಿದ, ಒಮ್ಮೆ ನಜೀಬ್ ಭಾಯಿಯನ್ನು. "ಇಲ್ಲ ಸಾರ್. ನಾನೇ ಕಿರುಚ್ತಿದ್ದೆ."

ನಗುವಿಗೆ ಸಾಹೇಬರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಇಡೀ ಮನುಷ್ಯ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಟ್ಟೆಯನ್ನು ಸುರಯ್ಯಾ ಕಡೆ ಚಾಚಿ, "ಹಾಕಮ್ಮ, ಈ ಮನೆ ಕೋಳಿ ಧಾರಾಳವಾಗಿ ತಿನ್ನಬಹುದು," ಎಂದರು. ಬಿರಿಯಾನಿಯ ಮೇಲೆ ರಾಯ್ತಾ ಸುರಿದುಕೊಳ್ಳುತ್ತ ಕೇಳಿದರು:

"ಆ ಗೂಡಿನಲ್ಲಿ ಮೂರು ಜನ ಹಿಡಿಸ್ತಾರಾ?"

"ಮುದುರಿಕೊಂಡ್ರೆ ಹಿಡಿಸ್ತಾರೆ. ಯಾಕೆ ಸಾಹೇಬ್ರೇ?"

"ಮುಂದಿನ ವರ್ಷ ನಾನೂ ಬರ್ತೀನಿ. ಗುಂಡು ನೀವು ಹಾರಿಸಿ. ಹೇಳಿದ್ರೋ ಇಲ್ವೋ ಅಂತ ಕೇಳಿಸ್ಕೊಳ್ಳೋಕೆ ಬೀಗರು ಒಬ್ಬರು ಪಕ್ಕದಲ್ಲಿರ್ಬೇಕು."

'ಬೀಗರು' ಎಂದದ್ದು ಮೊದಲು ಕೇಳಿಸಿದ್ದು ಸುರಯ್ಯಾಗೆ. ಸೌಟು ಹಂಡೆಯೊಳಗೆ ಬಿತ್ತು. ಇರಮ್ ಇಂಗ್ಲಿಷಿನಲ್ಲಿ ಏನೋ ಕೂಗಿ ಅಡುಗೆಮನೆಗೆ ಓಡಿದಳು, ಹಿಂದೆಯೇ ರಯ್ಯಾನ್.

"ಹಾಗಾದ್ರೆ ನನ್ನ ಕೆಲಸ?" ದೇವೇಂದ್ರನ ಧ್ವನಿಯಲ್ಲಿ ನೋವಿತ್ತು.

"ನೀನು ಅಳೆ ಮಾರಾಯ," ಎಂದರು ನಜೀಬ್ ಭಾಯಿ, ವಾರದಲ್ಲಿ ಮೊದಲ ಸಲ ಹೊಟ್ಟೆತುಂಬ ಉಣ್ಣುತ್ತ. "ಅಳೆದಾದ ಮೇಲೆ ಬಾಯಿಗೆ ಪುಳಿಯೋಗರೆ ತುಂಬ್ಕೊಂಡಿರು."